ಮೂಲೆ ಯಾರದು? ಜ್ಯಾ, ಶರ ಮತ್ತು ಘನ ಮಾದರಿಯ ಟಾಲರೆನ್ಸ್: ಎರಡು ಅವಧಿಯ ಅಭ್ಯಾಸ ಪಾಠ

ಪೀಠಿಕೆ

ಒಂಬತ್ತನೇ ತರಗತಿಯ ಗಣಿತದಲ್ಲಿ ‘ವೃತ್ತಗಳು’ ಎಂಬ ಘಟಕವಿದೆ. ವೃತ್ತಕೇಂದ್ರದಿಂದ ಜ್ಯಾಗೆ ಎಳೆದ ಲಂಬವು ಆ ಜ್ಯಾವನ್ನು ಎರಡು ಸಮಭಾಗ ಮಾಡುತ್ತದೆ ಎಂಬ ಪ್ರಮೇಯ ಆ ಘಟಕದ ಬೆನ್ನೆಲುಬು. ಅಭ್ಯಾಸ ಬೋಧನೆಗೆ ಇದು ಅನುಕೂಲದ ಪಾಠ. ಚಿತ್ರ ಸುಲಭ, ಸಾಧನೆ ಚಿಕ್ಕದು, ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಹಿಂದಿನ ಬೆಂಚಿನಿಂದ “ಇದು ಏತಕ್ಕೆ ಬೇಕು ಸಾರ್?” ಎಂಬ ಪ್ರಶ್ನೆ ಬಂದರೆ “ಪರೀಕ್ಷೆಗೆ ಬರುತ್ತದೆ” ಎನ್ನುವುದರಾಚೆಗೆ ಒಂದು ಉತ್ತರ ನಮ್ಮ ಪಾಠ ಯೋಜನೆಯಲ್ಲಿ ಇರುವುದಿಲ್ಲ.

ಉತ್ತರ ನಿಜವಾಗಿಯೂ ಇದೆ. ಇದೇ ಮಕ್ಕಳಲ್ಲಿ ಕೆಲವರು ಎರಡು ವರ್ಷದ ಬಳಿಕ ಐಟಿಐಗೋ ಡಿಪ್ಲೊಮಾಕ್ಕೋ ಹೋಗುತ್ತಾರೆ. ಅಲ್ಲಿ ಗಣಕದಲ್ಲಿ ರಚಿಸಿದ ಘನ ಮಾದರಿಯನ್ನು ಸಿಎನ್‌ಸಿ ಯಂತ್ರಕ್ಕೆ ಕೆಲಸ ಹೇಳುವ ಕ್ಯಾಮ್ ತಂತ್ರಾಂಶಕ್ಕೆ ತರುವಾಗ ಪರದೆಯ ಮೇಲೆ ಒಂದು ಚೌಕ ತೆರೆದುಕೊಂಡು ‘ಟಾಲರೆನ್ಸ್ ಎಷ್ಟು?’ ಎಂದು ಕೇಳುತ್ತದೆ. ಹಿಂದೆ ಕೂತವರು ತುಂಬಿದ ಸಂಖ್ಯೆಯನ್ನೇ ತುಂಬಿ ಮುಂದೆ ಹೋಗುವುದು ವಾಡಿಕೆ. ಆ ಸಂಖ್ಯೆ ತಪ್ಪಾದರೆ ತಂತ್ರಾಂಶ ಗದರಿಸುವುದಿಲ್ಲ; ಯಂತ್ರವೂ ನಿಲ್ಲುವುದಿಲ್ಲ. ಕೊರೆದು ಮುಗಿದ ಮೇಲೆ ಬೇರಿಂಗ್ ಕೂರುವುದಿಲ್ಲ, ಅಥವಾ ದುಂಡಗಿರಬೇಕಾದ ಅಂಚಿನಲ್ಲಿ ಬೆರಳಿಗೆ ಮೂಲೆಗಳು ತಾಗುತ್ತವೆ. ಲೋಹ ಹಾಳು, ಪಾಳಿಯ ಹೊತ್ತು ಹಾಳು, ಹೊಸಬನ ಮೇಲಿನ ನಂಬಿಕೆಯೂ ಹಾಳು.

ಆ ಚೌಕದಲ್ಲಿ ತುಂಬುವ ಸಂಖ್ಯೆಯ ಅರ್ಥ ಒಂಬತ್ತನೇ ತರಗತಿಯ ಆ ಪ್ರಮೇಯದಲ್ಲೇ ಅಡಗಿದೆ. ಅದನ್ನು ಹಾಸನ ಜಿಲ್ಲೆಯ ಮಕ್ಕಳಿಗೆ ಪರಿಚಿತವಾದ ಬೇಲೂರು, ಹಳೇಬೀಡು, ಅರಸೀಕೆರೆಯ ಗುಡಿಗಳ ಕಂಬ ಮತ್ತು ತಳವಿನ್ಯಾಸಗಳ ಮೂಲಕ ಕಲಿಸುವ ಎರಡು ಅವಧಿಯ ಪಾಠವನ್ನು ಇಲ್ಲಿ ಕೊಟ್ಟಿದೆ. ಕೊನೆಯ ಭಾಗ ಐಟಿಐ, ಡಿಪ್ಲೊಮಾ ಬೋಧಕರಿಗೂ ಒದಗುತ್ತದೆ.

ಪಾಠದ ವಿವರ

ತರಗತಿ: 9. ವಿಷಯ: ಗಣಿತ. ಘಟಕ: ವೃತ್ತಗಳು. ಅವಧಿ: ತಲಾ 40 ನಿಮಿಷದ 2 ಅವಧಿಗಳು.

ಪೂರ್ವಜ್ಞಾನ: ಪೈಥಾಗೊರಸ್ ಪ್ರಮೇಯ, ವರ್ಗಮೂಲ, ಕೈವಾರದಿಂದ ವೃತ್ತದೊಳಗೆ ಷಡ್ಭುಜ ರಚಿಸುವುದು, ಜ್ಯಾ ಮತ್ತು ಲಂಬದ ಪ್ರಮೇಯ.

ಕಲಿಕಾ ಫಲಗಳು: ಪಾಠದ ಕೊನೆಗೆ ಮಗು
1. ತ್ರಿಜ್ಯ ಮತ್ತು ಜ್ಯಾ ಕೊಟ್ಟಾಗ ಶರವನ್ನು, ಅಂದರೆ ಜ್ಯಾದ ಮಧ್ಯಬಿಂದುವಿನಿಂದ ಕಂಸಕ್ಕಿರುವ ಎತ್ತರವನ್ನು, ಲೆಕ್ಕಹಾಕುತ್ತದೆ.
2. ಬಾಹುಗಳ ಸಂಖ್ಯೆ ಇಮ್ಮಡಿಯಾದಾಗ ಶರ ಸುಮಾರು ನಾಲ್ಕನೇ ಒಂದಾಗುತ್ತದೆ ಎಂದು ಕೋಷ್ಟಕದಿಂದ ಗುರುತಿಸುತ್ತದೆ.
3. ಒಪ್ಪಬಹುದಾದ ವ್ಯತ್ಯಾಸವನ್ನು ಕೊಟ್ಟರೆ ಎಷ್ಟು ಬಾಹುಗಳು ಬೇಕು ಎಂದು ಹೇಳುತ್ತದೆ.
4. ವಸ್ತುವಿನ ಬಳಕೆಯನ್ನು ನೋಡಿ ಟಾಲರೆನ್ಸ್ ಆಯ್ದು, ಆಯ್ಕೆಗೆ ಕಾರಣ ಕೊಡುತ್ತದೆ.

ಬೋಧನೋಪಕರಣಗಳು: ಬೇಲೂರು ಚೆನ್ನಕೇಶವ ದೇವಾಲಯದ ತಿರುಗಣೆ ಕಂಬದ ಒಂದು ಚಿತ್ರ, ಅರಸೀಕೆರೆ ಈಶ್ವರ ದೇವಾಲಯದ ತಳವಿನ್ಯಾಸದ ನಕ್ಷೆ, ಒಂದೇ ಅಳತೆಯ ನಾಲ್ಕು ರಟ್ಟಿನ ಚೌಕಗಳು, ಒಂದು ಗುಂಡುಪಿನ್ನು, ಕೈವಾರ, ಅಳತೆಪಟ್ಟಿ, ಒಂದು ಜರಡಿ.

ಹಂತ 1: ತೊಡಗಿಸಿಕೊಳ್ಳುವುದು (8 ನಿಮಿಷ)

ಎರಡು ಚಿತ್ರಗಳನ್ನು ಅಕ್ಕಪಕ್ಕ ತೂಗುಹಾಕಿ. ಒಂದು, ಬೇಲೂರಿನ ನವರಂಗದ ಕಂಬ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಈ ಗುಡಿಯಲ್ಲಿಯೂ 1121ರ ಸುಮಾರಿಗೆ ಆರಂಭವಾದ ಹಳೇಬೀಡಿನ ಹೊಯ್ಸಳೇಶ್ವರದಲ್ಲಿಯೂ ಬಳಪದ ಕಲ್ಲಿನ ದುಂಡು ಕಂಬಗಳಿವೆ. ಗಂಟೆಯಂಥ ಉಬ್ಬು, ಬಿಲ್ಲೆಯಂಥ ಪಟ್ಟಿ, ಕೂದಲೆಳೆಯಂಥ ಸುತ್ತುಗೆರೆ ಇವೆಲ್ಲ ಕಲ್ಲನ್ನು ತಿರುಗಿಸುತ್ತ ಕಡೆದಾಗ ಬರುವ ಆಕಾರಗಳು. ಇನ್ನೊಂದು, 1220ರ ಸುಮಾರಿನ ಅರಸೀಕೆರೆ ಈಶ್ವರ ದೇವಾಲಯದ ನಕ್ಷೆ. ಅದರ ತೆರೆದ ಮಂಟಪ ನಕ್ಷತ್ರದಂತೆ ಮೂಲೆಮೂಲೆಯಾಗಿದೆ.

ಕೇಳಬೇಕಾದ ಪ್ರಶ್ನೆಗಳು:
“ಮಂಟಪದ ಹೊರಗೆರೆಯಲ್ಲಿ ಎಷ್ಟು ಮೂಲೆ ಇವೆ? ಎಣಿಸಿ ಹೇಳಿ.”
“ಕಂಬವನ್ನು ಅಡ್ಡಡ್ಡ ಕುಯ್ದರೆ ಯಾವ ಆಕಾರ ಕಾಣುತ್ತದೆ?”
“ಕಂಬದ ಆ ಆಕಾರದಲ್ಲಿ ಎಷ್ಟು ಮೂಲೆ?”

ಕೊನೆಯ ಪ್ರಶ್ನೆಗೆ “ಒಂದೂ ಇಲ್ಲ” ಎಂಬ ಉತ್ತರ ಬರುತ್ತದೆ. ಕೆಲವು ಮಕ್ಕಳು “ಲೆಕ್ಕವಿಲ್ಲದಷ್ಟು” ಎನ್ನಬಹುದು. ಎರಡನ್ನೂ ಹಲಗೆಯ ಮೇಲೆ ಬರೆದು ಹಾಗೆಯೇ ಬಿಡಿ. ಯಾವುದು ಸರಿ ಎಂದು ಈಗ ತೀರ್ಮಾನ ಕೊಡಬೇಡಿ.

ಬಳಿಕ ರಟ್ಟಿನ ನಾಲ್ಕು ಚೌಕಗಳನ್ನು ನಡುವೆ ಪಿನ್ನು ಚುಚ್ಚಿ ಜೋಡಿಸಿ, ಒಂದೊಂದನ್ನೂ ಹಿಂದಿನದಕ್ಕಿಂತ 22.5 ಡಿಗ್ರಿ ಹೆಚ್ಚು ತಿರುಗಿಸಿ. ಹದಿನಾರು ಮೂಲೆಯ ನಕ್ಷತ್ರ ಮೂಡುತ್ತದೆ. ಕೇಂದ್ರದಿಂದ ಮೂಲೆಗೆ 10 ಸೆಂ.ಮೀ. ಇದ್ದರೆ ಎರಡು ಮೂಲೆಗಳ ನಡುವಿನ ಕಚ್ಚು ಕೇಂದ್ರದಿಂದ ಸುಮಾರು 8.5 ಸೆಂ.ಮೀ. ದೂರದಲ್ಲಿರುತ್ತದೆ. ಕಚ್ಚಿನ ಆಳ ಸುಮಾರು 1.5 ಸೆಂ.ಮೀ. ಎಂದು ಮಕ್ಕಳೇ ಅಳೆದು ಬರೆದುಕೊಳ್ಳಲಿ. ಈ ಸಂಖ್ಯೆ ಮುಂದೆ ಬೇಕಾಗುತ್ತದೆ.

ಹಂತ 2: ಪರಿಶೋಧಿಸುವುದು (20 ನಿಮಿಷ)

ಈಗ ಸಮಸ್ಯೆ: “ನಿಮ್ಮ ಗೆಳೆಯನಿಗೆ ಕೈವಾರವಿಲ್ಲ. ಅಳತೆಪಟ್ಟಿ ಮಾತ್ರ ಇದೆ. ನೇರ ಗೆರೆಗಳಿಂದಲೇ ಅವನು ಈ ಕಂಬದ ವೃತ್ತ ಬರೆಯಬೇಕು. ಎಷ್ಟು ಗೆರೆ ಹಾಕಿದರೆ ಸಾಕು?”

ಮಕ್ಕಳು 10 ಸೆಂ.ಮೀ. ತ್ರಿಜ್ಯದ ವೃತ್ತವನ್ನು ತೆಳುವಾಗಿ ಎಳೆದು ಒಳಗೆ ಷಡ್ಭುಜ ರಚಿಸಲಿ. ಪ್ರತಿ ಬಾಹುವೂ ಒಂದು ಜ್ಯಾ. ಜ್ಯಾದ ಮಧ್ಯದಿಂದ ಕಂಸಕ್ಕೆ ಎಷ್ಟು ದೂರ ಎಂದು ಅಳೆಯಲಿ. ಅದಕ್ಕೊಂದು ಹೆಸರು ಬೇಕು. ನಮ್ಮ ಗಣಿತದಲ್ಲಿ ಹಳೆಯ ಹೆಸರು ಇದ್ದೇ ಇದೆ. ಕಂಸ ಬಿಲ್ಲು, ಜ್ಯಾ ಬಿಲ್ಲಿನ ಹೆದೆ, ನಡುವಿನ ಎತ್ತರ ಶರ, ಅಂದರೆ ಬಾಣ. ಚಿತ್ರ ನೋಡಿದ ಮಗು ಈ ಮೂರು ಹೆಸರುಗಳನ್ನು ಮತ್ತೆ ಮರೆಯುವುದಿಲ್ಲ.

ಬಳಿಕ ಲೆಕ್ಕ. ಕೇಂದ್ರದಿಂದ ಜ್ಯಾಗೆ ಎಳೆದ ಲಂಬ, ಅರ್ಧ ಜ್ಯಾ, ತ್ರಿಜ್ಯ ಮೂರೂ ಸೇರಿ ಲಂಬಕೋನ ತ್ರಿಭುಜವಾಗುತ್ತದೆ. ಆದ್ದರಿಂದ

ಶರ = ತ್ರಿಜ್ಯ − √(ತ್ರಿಜ್ಯ² − ಅರ್ಧಜ್ಯಾ²)

ಷಡ್ಭುಜಕ್ಕೆ: 10 − √(100 − 25) = 10 − 8.66 = 1.34 ಸೆಂ.ಮೀ.

ಬಾಹುಗಳನ್ನು ಇಮ್ಮಡಿ ಮಾಡುವುದು ಮುಂದಿನ ಹೆಜ್ಜೆ. ಹೊಸ ಜ್ಯಾ ಎಂದರೆ ಹಳೆಯ ಅರ್ಧಜ್ಯಾ ಮತ್ತು ಹಳೆಯ ಶರಗಳನ್ನು ಬಾಹುಗಳಾಗಿ ಹೊಂದಿದ ಲಂಬಕೋನ ತ್ರಿಭುಜದ ವಿಕರ್ಣ. ಮತ್ತೆ ಪೈಥಾಗೊರಸ್. ಐದು ಗುಂಪು ಮಾಡಿ, ಒಂದು ಗುಂಪಿನ ಉತ್ತರ ಮುಂದಿನ ಗುಂಪಿಗೆ ದತ್ತಾಂಶವಾಗುವಂತೆ ಹಂಚಿ. ಹಲಗೆಯ ಮೇಲೆ ಮೂಡಬೇಕಾದ ಕೋಷ್ಟಕ ಇದು (ತ್ರಿಜ್ಯ 100 ಮಿ.ಮೀ.):

ಬಾಹು 6: ಜ್ಯಾ 100.0 ಮಿ.ಮೀ., ಶರ 13.40 ಮಿ.ಮೀ.
ಬಾಹು 12: ಜ್ಯಾ 51.8 ಮಿ.ಮೀ., ಶರ 3.41 ಮಿ.ಮೀ.
ಬಾಹು 24: ಜ್ಯಾ 26.1 ಮಿ.ಮೀ., ಶರ 0.86 ಮಿ.ಮೀ.
ಬಾಹು 48: ಜ್ಯಾ 13.1 ಮಿ.ಮೀ., ಶರ 0.21 ಮಿ.ಮೀ.
ಬಾಹು 96: ಜ್ಯಾ 6.5 ಮಿ.ಮೀ., ಶರ 0.05 ಮಿ.ಮೀ.

“ಶರದ ಸಾಲನ್ನು ಮಾತ್ರ ನೋಡಿ. ಏನು ಕಾಣುತ್ತದೆ?” ಎಂದು ಕೇಳಿ ಸುಮ್ಮನಿರಿ. ಪ್ರತಿ ಸಲವೂ ಸುಮಾರು ನಾಲ್ಕನೇ ಒಂದಾಗುತ್ತಿದೆ ಎಂಬುದು ಮಕ್ಕಳ ಬಾಯಿಂದಲೇ ಬರಬೇಕು. ಪೈ ಬೆಲೆ ಹುಡುಕಲು ಆರ್ಕಿಮಿಡೀಸ್ 6ರಿಂದ 96 ಬಾಹುಗಳವರೆಗೆ ಹೋದದ್ದು ಇದೇ ಏಣಿಯಲ್ಲಿ ಎಂದು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು.

ಹಂತ 3: ವಿವರಿಸುವುದು (12 ನಿಮಿಷ)

ಸೀಸದ ಕಡ್ಡಿಯಿಂದ ಎಳೆದ ಗೆರೆಯೇ ಸುಮಾರು ಅರ್ಧ ಮಿ.ಮೀ. ದಪ್ಪ. 24 ಬಾಹುಗಳ ಆಕೃತಿಯಲ್ಲಿ ಶರ ಅದಕ್ಕಿಂತ ಹೆಚ್ಚು. 48 ಬಾಹುಗಳ ಆಕೃತಿಯಲ್ಲಿ ಕಡಿಮೆ. ಹಾಗಾಗಿ 48 ಬಾಹುಗಳ ಆಕೃತಿಯನ್ನು ಪೆನ್ಸಿಲಿನಲ್ಲಿ ಬರೆದರೆ ಅದು ವೃತ್ತದ ಗೆರೆಯೊಳಗೇ ಮುಚ್ಚಿಹೋಗುತ್ತದೆ. ಗೆಳೆಯನಿಗೆ 48 ಗೆರೆ ಸಾಕು.

ಇಲ್ಲಿ ಶಿಕ್ಷಕರು ಒಂದು ಪದ ಕೊಡಬೇಕು: ಟಾಲರೆನ್ಸ್, ಅಂದರೆ ಒಪ್ಪಬಹುದಾದ ವ್ಯತ್ಯಾಸ. ಪೆನ್ಸಿಲ್ ಚಿತ್ರಕ್ಕೆ ಅರ್ಧ ಮಿ.ಮೀ. ಟಾಲರೆನ್ಸ್. ಈ ಸಂಖ್ಯೆ ವೃತ್ತದ ಗುಣವಲ್ಲ. ವೃತ್ತವನ್ನು ಯಾವ ಕೆಲಸಕ್ಕೆ ಬಳಸುತ್ತೇವೆ ಎಂಬುದರಿಂದ ಹುಟ್ಟುವುದು. ಇಡೀ ಪಾಠದ ತಿರುಳು ಈ ಒಂದು ಮಾತು.

ಹಂತ 1ರಲ್ಲಿ ಬಿಟ್ಟ ಎರಡು ಉತ್ತರಗಳಿಗೆ ಈಗ ಮರಳಿ. ವೃತ್ತಕ್ಕೆ ಮೂಲೆ ಒಂದೂ ಇಲ್ಲ. ಆದರೆ ನೇರ ಗೆರೆಯಿಂದ ಅದನ್ನು ಬರೆಯಹೊರಟರೆ ಎಷ್ಟು ಮೂಲೆ ಎಂಬುದನ್ನು ಟಾಲರೆನ್ಸ್ ಹೇಳುತ್ತದೆ. ‘ಲೆಕ್ಕವಿಲ್ಲದಷ್ಟು’ ಎಂದ ಮಗು ದಾರಿಯಲ್ಲೇ ಇತ್ತು.

ಸಮಯವಿದ್ದರೆ ಒಂದು ಐತಿಹಾಸಿಕ ಟಿಪ್ಪಣಿ. ಭಾಸ್ಕರಾಚಾರ್ಯರ ಲೀಲಾವತಿ 1150ರದು, ಬೇಲೂರಿನ ಗುಡಿಗಿಂತ ಮೂವತ್ತಮೂರು ವರ್ಷ ಚಿಕ್ಕದು. ಅದರಲ್ಲಿ ಶರ ಕಂಡುಹಿಡಿಯುವ ವಿಧಿ ಇದೆ: ವ್ಯಾಸ ಮತ್ತು ಜ್ಯಾಗಳ ಮೊತ್ತವನ್ನು ಅವುಗಳ ವ್ಯತ್ಯಾಸದಿಂದ ಗುಣಿಸಿ ವರ್ಗಮೂಲ ತೆಗೆ, ಅದನ್ನು ವ್ಯಾಸದಿಂದ ಕಳೆ, ಉಳಿದುದರ ಅರ್ಧವೇ ಶರ. ವ್ಯಾಸ 20, ಜ್ಯಾ 10 ಎಂದು ಹಾಕಿದರೆ 30 × 10 = 300, ವರ್ಗಮೂಲ 17.32, ಉಳಿದದ್ದು 2.68, ಅರ್ಧ 1.34. ನಮ್ಮ ಷಡ್ಭುಜದ ಉತ್ತರವೇ ಬಂತು. ಕನ್ನಡದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಬರೆದ ರಾಜಾದಿತ್ಯನೂ ಅದೇ ಶತಮಾನದವನು. ಆದರೆ ಶಿಲ್ಪಿಗಳು ಈ ಸೂತ್ರ ಹಿಡಿದು ಕಂಬ ಕಡೆದರು ಎಂದು ಹೇಳಬೇಡಿ. ತಿರುಗುವ ಕಲ್ಲಿಗೆ ಉಳಿ ಹಿಡಿದವನಿಗೆ ಜ್ಯಾದ ಲೆಕ್ಕ ಬೇಕಿಲ್ಲ. ತಿರುಗುವಿಕೆಯೇ ಅವನಿಗೆ ವೃತ್ತವನ್ನು ಕೊಡುತ್ತದೆ.

ಹಂತ 4: ವಿಸ್ತರಿಸುವುದು (ಎರಡನೇ ಅವಧಿ, 28 ನಿಮಿಷ)

ಈ ಹಂತಕ್ಕೆ ಒಂದು ಕಲ್ಪಿತ ಸನ್ನಿವೇಶ ಕೊಡಿ. ಶಾಲೆಯ ವಸ್ತುಪ್ರದರ್ಶನಕ್ಕೆ ತಿರುಗಣೆ ಕಂಬದ ಚಿಕ್ಕ ಮರದ ಮಾದರಿ ಬೇಕು. ಅದು ಕೈಯಿಂದ ತಿರುಗುವಂತಿರಬೇಕು. ಹಾಗಾಗಿ ಕೆಳಗೆ ಲೋಹದ ಪೀಠ, ಪೀಠದಲ್ಲಿ ಬೇರಿಂಗ್ ಕೂರುವ 100 ಮಿ.ಮೀ. ವ್ಯಾಸದ ರಂಧ್ರ. ಎರಡರ ಘನ ಮಾದರಿಯೂ ಗಣಕದಲ್ಲಿ ಸಿದ್ಧವಿದೆ. ಅವನ್ನು ಯಂತ್ರದ ತಂತ್ರಾಂಶಕ್ಕೆ ತರಬೇಕು.

ಮೊದಲು ಗಣಕ ಘನವಸ್ತುವನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬ ವಿವರಣೆ. ಎರಡು ಬಗೆ ಇದೆ. ಒಂದು, ‘ಇದು 50 ಮಿ.ಮೀ. ತ್ರಿಜ್ಯದ ಸಿಲಿಂಡರ್’ ಎಂದು ಆಕಾರದ ಗಣಿತವನ್ನೇ ಬರೆದಿಡುವುದು. 1994ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಮೊದಲು ಪ್ರಕಟವಾದ ಸ್ಟೆಪ್ ಕಡತ ಈ ಬಗೆಯದು. ಇನ್ನೊಂದು, ಮೇಲ್ಮೈಯನ್ನೆಲ್ಲ ಪುಟ್ಟ ತ್ರಿಭುಜಗಳಿಂದ ಹೊದಿಸಿ ಆ ತ್ರಿಭುಜಗಳ ಪಟ್ಟಿಯನ್ನು ಮಾತ್ರ ಇಟ್ಟುಕೊಳ್ಳುವುದು. ಎಸ್‌ಟಿಎಲ್ ಕಡತ ಹೀಗೆ ಮಾಡುತ್ತದೆ. ಎರಡನೆಯದರಲ್ಲಿ ವೃತ್ತವೇ ಇಲ್ಲ. ನಮ್ಮ ಗೆಳೆಯನ ನೇರ ಗೆರೆಗಳು ಮಾತ್ರ. ಒಮ್ಮೆ ತ್ರಿಭುಜಗಳಾದ ಮೇಲೆ ಹಿಂದಿನ ವೃತ್ತವನ್ನು ಕಡತ ಮರೆತಿರುತ್ತದೆ. ಅಳತೆ ಮಿಲಿಮೀಟರೋ ಇಂಚೋ ಎಂಬುದನ್ನೂ ಎಸ್‌ಟಿಎಲ್ ಕಡತ ಹೇಳುವುದಿಲ್ಲ. 0.001 ಇಂಚು ಎಂದರೆ 0.0254 ಮಿ.ಮೀ. ಆದ್ದರಿಂದ ಮಾನ ಬರೆಯದ ಟಾಲರೆನ್ಸಿಗೆ ಅರ್ಥವೇ ಇಲ್ಲ ಎಂಬ ನಿಯಮವನ್ನು ಇಲ್ಲಿಯೇ ಗಟ್ಟಿ ಮಾಡಿ.

ಮುಂದಿನ ಗೊಂದಲ, ಒಂದೇ ಪದಕ್ಕೆ ಮೂರು ಅರ್ಥ. ಹಲಗೆಯನ್ನು ಮೂರು ಕಂಬಸಾಲಾಗಿ ಭಾಗ ಮಾಡಿ.

ಒಂದು, ನಕ್ಷೆಯ ಟಾಲರೆನ್ಸ್. ಮುಗಿದ ವಸ್ತು ಹೇಳಿದ ಅಳತೆಯಿಂದ ಎಷ್ಟು ಆಚೀಚೆ ಇರಬಹುದು ಎಂಬುದು. ಇದನ್ನು ವಸ್ತುವಿನ ಬಳಕೆ ನಿರ್ಧರಿಸುತ್ತದೆ, ನಕ್ಷೆ ಹೇಳುತ್ತದೆ. ಸಾಮಾನ್ಯ ಮಧ್ಯಮ ದರ್ಜೆಯಲ್ಲಿ 100 ಮಿ.ಮೀ. ಅಳತೆಗೆ ±0.3 ಮಿ.ಮೀ. ನಡೆಯುತ್ತದೆ. ಅದೇ 100 ಮಿ.ಮೀ. ರಂಧ್ರಕ್ಕೆ ಎಚ್7 ಎಂದು ಬರೆದಿದ್ದರೆ ಅದು 100.000ಕ್ಕಿಂತ ಕಡಿಮೆ ಇರಬಾರದು, 100.035ಕ್ಕಿಂತ ಹೆಚ್ಚಿರಬಾರದು.

ಎರಡು, ಜ್ಯಾದ ಟಾಲರೆನ್ಸ್. ವಕ್ರವನ್ನು ನೇರ ತುಂಡುಗಳಾಗಿಸುವಾಗ ಶರ ಎಷ್ಟರವರೆಗೆ ಇರಬಹುದು ಎಂಬುದು. ನಿನ್ನೆಯ ಕೋಷ್ಟಕ ಪೂರ್ತಿ ಇದರದೇ.

ಮೂರು, ಜೋಡಣೆಯ ಟಾಲರೆನ್ಸ್. ಘನ ಮಾದರಿಯ ಹೊರಮೈ ಹಲವು ಮುಖಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದಂತಿರುತ್ತದೆ. ಒಂದು ತಂತ್ರಾಂಶದಲ್ಲಿ ಸರಿಯಾಗಿ ಸೇರಿದ್ದ ಅಂಚುಗಳು ಇನ್ನೊಂದಕ್ಕೆ ಬರುವಾಗ ಅತಿ ಸಣ್ಣ ಬಿರುಕು ಬಿಡಬಹುದು. ಎಷ್ಟರ ಒಳಗಿನ ಬಿರುಕನ್ನು ಬಿರುಕಲ್ಲ ಎಂದು ತಿಳಿದು ಹೊಲಿಯಬೇಕು ಎಂಬುದು ಈ ಸಂಖ್ಯೆ.

ಮೂರನೆಯದಕ್ಕೆ ಜರಡಿ ತೋರಿಸಿ. ಕಣ್ಣು ತೀರ ಸಣ್ಣದಾದರೆ ಹಿಟ್ಟೂ ಇಳಿಯುವುದಿಲ್ಲ. ತೀರ ದೊಡ್ಡದಾದರೆ ಹೊಟ್ಟಿನ ಜೊತೆ ಕಾಳೂ ಬೀಳುತ್ತದೆ. ಮಾದರಿಯಲ್ಲಿ 0.003 ಮಿ.ಮೀ. ಬಿರುಕಿದೆ ಎನ್ನಿ. ಜೋಡಣೆಗೆ 0.001 ಎಂದು ಕೊಟ್ಟರೆ ಬಿರುಕು ಉಳಿಯುತ್ತದೆ, ಘನವಸ್ತುವಿನ ಬದಲು ಬಿಡಿಬಿಡಿ ಹಾಳೆಗಳು ಸಿಗುತ್ತವೆ. 0.01 ಎಂದರೆ ಹೊಲಿಗೆ ಕೂರುತ್ತದೆ. ಭಾರಿ ಧಾರಾಳದಿಂದ 0.5 ಎಂದರೆ 0.3 ಮಿ.ಮೀ. ಅಗಲದ ನಿಜವಾದ ಅಂಚೂ ಬಿರುಕೆಂದು ಎಣಿಸಲ್ಪಟ್ಟು ಅಳಿಸಿಹೋಗಬಹುದು. ಆದ್ದರಿಂದ ನಿಯಮ: ಜೋಡಣೆಯ ಟಾಲರೆನ್ಸ್ ಅತಿ ದೊಡ್ಡ ಬಿರುಕಿಗಿಂತ ದೊಡ್ಡದಿರಬೇಕು, ಅತಿ ಸಣ್ಣ ನಿಜವಾದ ಆಕಾರಕ್ಕಿಂತ ಬಹಳ ಸಣ್ಣದಿರಬೇಕು.

ಇಲ್ಲಿ ಎರಡೂ ಚಿತ್ರಗಳಿಗೆ ಮತ್ತೆ ಬನ್ನಿ. ನಕ್ಷತ್ರ ಮಂಟಪದ ಮೂಲೆಗಳು ಶಿಲ್ಪಿ ಬಯಸಿ ಇಟ್ಟವು. ದುಂಡು ಕಂಬದ ಕಡತದಲ್ಲಿ ಕಾಣುವ ಮೂಲೆಗಳು ಗಣಕ ತನ್ನ ಅನುಕೂಲಕ್ಕೆ ಇಟ್ಟವು. ಮೊದಲನೆಯವು ಉಳಿಯಬೇಕು, ಎರಡನೆಯವು ಕಾಣಬಾರದು. ರಟ್ಟಿನ ನಕ್ಷತ್ರದ ಕಚ್ಚು 15 ಮಿ.ಮೀ. ಆಳವಿತ್ತು, ಅದೇ ಅಳತೆಯ ವೃತ್ತದಲ್ಲಿ ಷಡ್ಭುಜದ ಶರ 13.4 ಮಿ.ಮೀ. ಗಣಕದ ಮೂಲೆಯೂ ಶಿಲ್ಪಿಯ ಮೂಲೆಯೂ ಹೆಚ್ಚುಕಡಿಮೆ ಒಂದೇ ಗಾತ್ರದವು! ಅಷ್ಟು ಸಡಿಲವಾದ ಸಂಖ್ಯೆ ಕೊಟ್ಟರೆ ಯಾವ ಮೂಲೆ ಯಾರದೆಂದು ಹೇಳುವವರೇ ಇಲ್ಲ. ಗಣಕಕ್ಕೆ ಗುಡಿ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಮೂಲೆ ಉಳಿಯಬೇಕು ಎಂದು ತಿಳಿದವರೇ ಸಂಖ್ಯೆ ಕೊಡಬೇಕು.

ಈಗ ಪೀಠದ ರಂಧ್ರದ ಲೆಕ್ಕ. ಶರ ಬಹಳ ಚಿಕ್ಕದಿದ್ದಾಗ ಉಪಯೋಗಕ್ಕೆ ಬರುವ ಸುಲಭ ಸೂತ್ರ:

ಶರ ≈ ಜ್ಯಾ² ÷ (8 × ತ್ರಿಜ್ಯ)

ಇದು ಹಿಂದಿನ ಸೂತ್ರದಿಂದಲೇ ಬರುತ್ತದೆ. ಪೈಥಾಗೊರಸ್ ಪ್ರಕಾರ ಅರ್ಧಜ್ಯಾ² = ಶರ × (ವ್ಯಾಸ − ಶರ). ವ್ಯಾಸದ ಮುಂದೆ ಶರ ತೀರ ಚಿಕ್ಕದಾದ್ದರಿಂದ ಆವರಣದೊಳಗಿನ ಶರವನ್ನು ಬಿಡಬಹುದು. ಬಿಟ್ಟದ್ದು ಏಕೆ ಸರಿ ಎಂದು ಮಕ್ಕಳು 24 ಬಾಹುಗಳ ಸಾಲಿನಲ್ಲಿ ಪರೀಕ್ಷಿಸಲಿ: 26.1² ÷ 800 = 0.85, ಕೋಷ್ಟಕದಲ್ಲಿ 0.86.

ತ್ರಿಜ್ಯ 50 ಮಿ.ಮೀ. ಆದಾಗ:
ಟಾಲರೆನ್ಸ್ 0.1 ಮಿ.ಮೀ. ಆದರೆ ಜ್ಯಾ 6.3 ಮಿ.ಮೀ., ಸುಮಾರು 50 ಬಾಹು.
ಟಾಲರೆನ್ಸ್ 0.01 ಮಿ.ಮೀ. ಆದರೆ ಜ್ಯಾ 2 ಮಿ.ಮೀ., ಸುಮಾರು 157 ಬಾಹು.
ಟಾಲರೆನ್ಸ್ 0.001 ಮಿ.ಮೀ. ಆದರೆ ಜ್ಯಾ 0.63 ಮಿ.ಮೀ., ಸುಮಾರು 500 ಬಾಹು.

“0.01 ಸಾಕಲ್ಲವೇ?” ಎಂದು ಕೇಳಿ. ಹೆಚ್ಚಿನವರು ಹೌದು ಎನ್ನುತ್ತಾರೆ. ಆಗ ಚಿತ್ರ ಬರೆಯಿಸಿ. ಮೂಲೆಗಳು ವೃತ್ತದ ಮೇಲಿದ್ದರೆ ರಂಧ್ರದ ಜ್ಯಾಗಳು ರಂಧ್ರದ ಒಳಕ್ಕೆ ಚಾಚುತ್ತವೆ. ಬಾಹುಗಳು ಸಮಸಂಖ್ಯೆಯಲ್ಲಿದ್ದರೆ ಎದುರುಬದುರಿನ ಎರಡು ಜ್ಯಾಗಳ ನಡುವಿನ ದೂರ ವ್ಯಾಸಕ್ಕಿಂತ ಎರಡು ಶರದಷ್ಟು ಕಡಿಮೆ. 100 − 0.02 = 99.98 ಮಿ.ಮೀ. ನಕ್ಷೆ 100.000ಕ್ಕಿಂತ ಕಡಿಮೆ ಬೇಡ ಎಂದಿದೆ. ಬೇರಿಂಗ್ ಕೂರುವುದಿಲ್ಲ. ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು, ಉಳಿಯೂ ಹರಿತವಿತ್ತು. ಕಡತ ತರುವಾಗ ತುಂಬಿದ ಒಂದು ಸಂಖ್ಯೆ ಲೋಹವನ್ನು ಕಸ ಮಾಡಿತು. ತರಗತಿ ಈ ಕ್ಷಣದಲ್ಲಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಆ ಮೌನವನ್ನು ತುಂಬಲು ಆತುರ ಬೇಡ.

ಮುಂದಿನ ಪ್ರಶ್ನೆಯನ್ನು ಮಕ್ಕಳೇ ಕೇಳಬೇಕು: “ಹಾಗಾದರೆ ಯಾವಾಗಲೂ ಅತಿ ಸಣ್ಣ ಸಂಖ್ಯೆಯನ್ನೇ ಕೊಟ್ಟರಾಯಿತಲ್ಲ ಸಾರ್?” ಉತ್ತರಕ್ಕೂ ಲೆಕ್ಕವೇ ಆಧಾರ. ಟಾಲರೆನ್ಸ್ ಹತ್ತು ಪಟ್ಟು ಕಿರಿದಾದರೆ ವೃತ್ತದ ಬಾಹುಗಳು ಸುಮಾರು 3.16 ಪಟ್ಟು ಹೆಚ್ಚುತ್ತವೆ. ಗೋಳದಂತೆ ಎರಡೂ ದಿಕ್ಕಿಗೆ ಬಾಗಿದ ಮೈಯಲ್ಲಿ ತ್ರಿಭುಜಗಳು ಸುಮಾರು ಹತ್ತು ಪಟ್ಟಾಗುತ್ತವೆ. ದ್ವಿಮಾನ ರೂಪದ ಎಸ್‌ಟಿಎಲ್ ಕಡತದಲ್ಲಿ ಒಂದು ತ್ರಿಭುಜಕ್ಕೆ 50 ಬೈಟ್ ಬೇಕು. ಒಂದು ಲಕ್ಷ ತ್ರಿಭುಜಕ್ಕೆ 5 ಮೆಗಾಬೈಟ್, ಹತ್ತು ಲಕ್ಷಕ್ಕೆ 50. ಗಣಕ ತಡವರಿಸುತ್ತದೆ, ಯಂತ್ರ ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ತಡೆತಡೆದು ಓಡುತ್ತದೆ. ಮರದ ಕಂಬಕ್ಕೆ ಇದೆಲ್ಲ ವ್ಯರ್ಥ. ಹವೆಯ ತೇವಕ್ಕೇ ಅಷ್ಟು ಹಿಗ್ಗುವ ಮರಕ್ಕೆ 0.001 ಮಿ.ಮೀ. ಏಕೆ? ಅದರಲ್ಲಿ ಉಳಿಯಬೇಕಾದ ಅತಿ ಸಣ್ಣ ಸುತ್ತುಗೆರೆ ಉಳಿಯುವಷ್ಟಿದ್ದರೆ ಸಾಕು.

ಕೊನೆಗೆ ಹಂಚಿಕೆಯ ಮಾತು. ನಕ್ಷೆ ಕೊಟ್ಟ ಟಾಲರೆನ್ಸ್ ತಿಂಗಳ ಸಂಬಳವಿದ್ದಂತೆ. ಬಾಡಿಗೆ, ದಿನಸಿ, ಶಾಲೆ ಫೀಸು ಎಲ್ಲ ಅದರಲ್ಲೇ ಆಗಬೇಕು. ಇಲ್ಲಿ ಕಡತ ತರುವುದು, ಉಳಿಯ ದಾರಿ ಹಾಕುವುದು, ಯಂತ್ರದ ಸಡಿಲ, ಉಳಿಯ ಸವೆತ ಎಲ್ಲಕ್ಕೂ ಪಾಲಿದೆ. ಆದ್ದರಿಂದ ಕಡತ ತರುವ ಹಂತಕ್ಕೆ ನಕ್ಷೆಯ ಟಾಲರೆನ್ಸಿನ ಹತ್ತನೇ ಒಂದು ಭಾಗ ಎಂಬುದು ಕೆಲಸದ ಮನೆಗೆ ಒಪ್ಪುವ ಅಂದಾಜು. ಮರದ ಕಂಬಕ್ಕೆ ±0.3 ಇದ್ದರೆ 0.03 ಮಿ.ಮೀ.; ರಂಧ್ರಕ್ಕೆ 0.035 ಇದ್ದರೆ 0.0035 ಮಿ.ಮೀ. ಜೊತೆಗೆ ರಂಧ್ರವನ್ನು 100ಕ್ಕೆ ಅಲ್ಲ, ಮಿತಿಗಳ ನಡುವಿನ 100.0175ರ ಆಸುಪಾಸಿಗೆ ಗುರಿಯಿಟ್ಟು ಕೊರೆಯಬೇಕು. ಇನ್ನೂ ಒಳ್ಳೆಯ ದಾರಿ ಎಂದರೆ ವೃತ್ತವನ್ನು ವೃತ್ತವೆಂದೇ ನೆನಪಿಡುವ ಕಡತವನ್ನು ತಂದು, ಯಂತ್ರಕ್ಕೆ ‘ಇಲ್ಲಿ ಕಂಸ ಎಳೆ’ ಎಂದು ಹೇಳುವುದು. ಆಗ ಜ್ಯಾದ ಪ್ರಶ್ನೆಯೇ ಏಳುವುದಿಲ್ಲ. ತಿರುಗಣೆಯ ಶಿಲ್ಪಿಗೆ ಇದ್ದದ್ದು ಇದೇ ಅನುಕೂಲ.

ಹಂತ 5: ಮೌಲ್ಯಮಾಪನ (12 ನಿಮಿಷ)

1. ತ್ರಿಜ್ಯ 13 ಸೆಂ.ಮೀ., ಜ್ಯಾ 10 ಸೆಂ.ಮೀ. ಶರ ಎಷ್ಟು? (ಉತ್ತರ: 1 ಸೆಂ.ಮೀ.)
2. ತ್ರಿಜ್ಯ 20 ಮಿ.ಮೀ. ವೃತ್ತವನ್ನು ಬಹುಭುಜವಾಗಿಸಬೇಕು, ಶರ 0.1 ಮಿ.ಮೀ. ಮೀರಬಾರದು. ಕನಿಷ್ಠ ಎಷ್ಟು ಬಾಹು? (ಉತ್ತರ: ಜ್ಯಾ 4 ಮಿ.ಮೀ., ಪರಿಧಿ 125.7 ಮಿ.ಮೀ., 32 ಬಾಹು. 31 ಎಂದವರಿಗೆ ಏಕೆ ಸಾಲದು ಎಂದು ಕೇಳಿ.)
3. ಒಂದು ಮಾದರಿಯಲ್ಲಿ ಅತಿ ದೊಡ್ಡ ಬಿರುಕು 0.02 ಮಿ.ಮೀ., ಅತಿ ಸಣ್ಣ ಗೆರೆ 0.4 ಮಿ.ಮೀ. ಜೋಡಣೆಗೆ 0.005, 0.05, 0.5 ಇವುಗಳಲ್ಲಿ ಯಾವುದು? ಉಳಿದೆರಡು ಏಕೆ ಬೇಡ? (ಉತ್ತರ: 0.05)
4. ಒಂದೇ ವ್ಯಾಸದ ಗೂಟವನ್ನೂ ರಂಧ್ರವನ್ನೂ ಒಂದೇ ಜ್ಯಾ ಟಾಲರೆನ್ಸಿನಲ್ಲಿ ಬಹುಭುಜ ಮಾಡಿದರೆ ಗೂಟ ರಂಧ್ರದಲ್ಲಿ ತಿರುಗುತ್ತದೆಯೇ? ಚಿತ್ರ ಬರೆದು ವಿವರಿಸಿ. (ಉತ್ತರ: ತಿರುಗುವುದಿಲ್ಲ. ಗೂಟದ ಮೂಲೆಗಳು ಪೂರ್ಣ ತ್ರಿಜ್ಯದಲ್ಲಿಯೇ ಇರುತ್ತವೆ. ರಂಧ್ರದ ಜ್ಯಾಗಳು ಅದಕ್ಕಿಂತ ಒಳಗಿರುತ್ತವೆ.)

ನಾಲ್ಕನೆಯದಕ್ಕೆ ಅಂಕ ಕೊಡುವಾಗ ಚಿತ್ರಕ್ಕೂ ಕಾರಣಕ್ಕೂ ಬೇರೆಬೇರೆ ಅಂಕವಿರಲಿ. ‘ತಿರುಗುವುದಿಲ್ಲ’ ಎಂಬ ಒಂದೇ ಮಾತಿಗೆ ಅಂಕ ಬೇಡ.

ಗೃಹಪಾಠ: ಮನೆಯಲ್ಲಿರುವ ಎರಡು ವಸ್ತುಗಳನ್ನು ಆಯ್ದು, ಒಂದರಲ್ಲಿ ಮಾಡಿದವರೇ ಬಯಸಿ ಇಟ್ಟ ಮೂಲೆಯನ್ನೂ ಇನ್ನೊಂದರಲ್ಲಿ ಮಾಡುವ ವಿಧಾನದಿಂದ ತಾನಾಗಿ ಬಂದ ಮೂಲೆಯನ್ನೂ ಗುರುತಿಸಿ ಬರೆಯುವುದು. ಬಿದಿರಿನ ಬುಟ್ಟಿ, ಬಾವಿಯ ಇಟ್ಟಿಗೆ ಸುತ್ತು, ತೆಂಗಿನ ಗರಿಯ ಚಾಪೆ ಇವು ಒಳ್ಳೆಯ ಉದಾಹರಣೆಗಳು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಸೂತ್ರವನ್ನು ಮೊದಲೇ ಹಲಗೆಗೆ ಹಾಕಬೇಡಿ. ಶರವನ್ನು ಅಳತೆಪಟ್ಟಿಯಿಂದ ಅಳೆದ ಮಗುವಿಗೆ ಮಾತ್ರ 13.4 ಎಂಬ ಲೆಕ್ಕದ ಉತ್ತರ ಸಂತೋಷ ಕೊಡುತ್ತದೆ.

ವ್ಯತ್ಯಾಸವನ್ನು ‘ತಪ್ಪು’ ಎಂದು ಕರೆಯಬೇಡಿ. ತಪ್ಪು ಎಂದ ಕೂಡಲೇ ಮಕ್ಕಳು ಅದನ್ನು ಸೊನ್ನೆ ಮಾಡಲು ಹೊರಡುತ್ತಾರೆ. ಟಾಲರೆನ್ಸ್ ತಿಳಿದು ಮಾಡುವ ಆಯ್ಕೆ. ಆಯ್ಕೆಗೆ ಕಾರಣ ಕೇಳಬಹುದು, ಶಿಕ್ಷೆ ಇಲ್ಲ.

ಗುಡಿಯನ್ನು ಅಲಂಕಾರಕ್ಕೆ ತರಬೇಡಿ. ಚಿತ್ರ ತೋರಿಸಿ ‘ನಮ್ಮ ಹೆಮ್ಮೆ’ ಎಂದು ಎರಡು ಮಾತಾಡಿ ಪಕ್ಕಕ್ಕಿಟ್ಟರೆ ಈ ಪಾಠ ನಿಲ್ಲುವುದಿಲ್ಲ. ದುಂಡು ಕಂಬ ಮತ್ತು ನಕ್ಷತ್ರ ಮಂಟಪಗಳ ವ್ಯತ್ಯಾಸವೇ ಪಾಠದ ಪ್ರಶ್ನೆ. ಪ್ರವಾಸಕ್ಕೆ ಕರೆದೊಯ್ದರೆ ಇವು ಸಂರಕ್ಷಿತ ಸ್ಮಾರಕಗಳೆಂಬುದು ನೆನಪಿರಲಿ. ಬೇಲೂರು, ಹಳೇಬೀಡು ಎರಡೂ 2023ರಿಂದ ಸೋಮನಾಥಪುರದೊಡನೆ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಕಂಬಕ್ಕೆ ದಾರ, ಟೇಪು ಸುತ್ತಿ ಅಳೆಯಲು ಬಿಡದೆ, ಮೂಲೆಗಳನ್ನು ಕಣ್ಣಿನಿಂದ ಎಣಿಸಿ ಚಿತ್ರ ಬರೆಯಲು ಹೇಳಿ.

ಮಾರ್ಗದರ್ಶಕರು ವೀಕ್ಷಿಸುವಾಗ ಮೂರು ಸಂಗತಿ ಗಮನಿಸಿ. ‘ನಾಲ್ಕನೇ ಒಂದು’ ಎಂಬ ಮಾತು ಮೊದಲು ಯಾರ ಬಾಯಿಂದ ಬಂತು, ಮಕ್ಕಳದೋ ಶಿಕ್ಷಕರದೋ? ಪ್ರತಿ ಸಂಖ್ಯೆಯ ಮುಂದೆ ಮಾನ ಬಂತೇ? ‘ಎಷ್ಟು ಸಾಕು?’ ಎಂಬ ಪ್ರಶ್ನೆಗೆ ಮಕ್ಕಳು ಸಂಖ್ಯೆ ಹೇಳುವ ಮೊದಲು ‘ಯಾವ ಕೆಲಸಕ್ಕೆ?’ ಎಂದು ಮರುಪ್ರಶ್ನೆ ಹಾಕಿದರೇ? ಮೂರನೆಯದು ನಡೆದಿದ್ದರೆ ಅವಧಿ ಮುಗಿಯುವಾಗ ಒಂದೆರಡು ಲೆಕ್ಕ ಉಳಿದಿದ್ದರೂ ಪಾಠ ಗುರಿ ಮುಟ್ಟಿದೆ ಎಂದು ಬರೆಯಬಹುದು.